ಬ್ಯಾಲಾಳಿನ ರೋಹಿತಭಂಡಾರವೂ ಪಾಠವಿಮರ್ಶೆಯೂ

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೇ, 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ ಪಂಪಭಾರತದ ಪರಿಷ್ಕರಣಕಾರ್ಯದಲ್ಲಿಯೂ ಮುಖ್ಯರಾಗಿದ್ದರೆಂಬುದು ಕನ್ನಡದ ಅಧ್ಯಾಪಕರಿಗೆ ವಿದಿತವೇ ಆಗಿದೆ. ಇದನ್ನು ಒಬ್ಬ ವಿದ್ವಾಂಸರ ಬಹುಮುಖವಾದ ಅಭಿರುಚಿಯೆಂದು ಹೊಗಳಿ ಮುಂದೆ ಸಾಗುವುದು ವಾಡಿಕೆ. ಆದರೆ ಓಲೆಯ ಪಾಠವನ್ನು ಎತ್ತಿ ಬರೆಯುವ ಕೆಲಸಕ್ಕೂ ಉಪಕರಣದ ಅಳತೆಯನ್ನು ಬರೆದಿಡುವ ಕೆಲಸಕ್ಕೂ ಹೊರನೋಟಕ್ಕೆ ಕಾಣದ ನಂಟೊಂದುಂಟು. ಎರಡರಲ್ಲಿಯೂ ಕಂಡದ್ದನ್ನು ಕಂಡಂತೆ ಉಳಿಸಬೇಕು. ತಿದ್ದಿದ್ದನ್ನು ತಿದ್ದುಪಡಿಯೆಂದೇ ತೋರಿಸಬೇಕು. ಇವೆರಡೂ ಬೆರೆತುಹೋದ ಕಡೆ ಮುಂದಿನವರ ವಿಚಾರಕ್ಕೆ ಆಧಾರವೇ ತಪ್ಪುತ್ತದೆ. ಬೆಂಗಳೂರಿನ ಪಶ್ಚಿಮದಲ್ಲಿರುವ ಬ್ಯಾಲಾಳಿನ ದತ್ತಾಂಶಭಂಡಾರವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಅನುಚಿತವಾಗಲಾರದು.

ಮೈಸೂರು ರಸ್ತೆಯನ್ನು ಹಿಡಿದು ಕೆಂಗೇರಿಯನ್ನು ದಾಟಿ ಹೋದರೆ, ನಗರದ ನಡುವಿನಿಂದ ಸುಮಾರು 40 ಕಿಲೋಮೀಟರು ದೂರದಲ್ಲಿ ಬ್ಯಾಲಾಳು ಸಿಕ್ಕುತ್ತದೆ. ಸುತ್ತಣ ದಿಬ್ಬಗಳ ನಡುವೆ ನೆಲವು ಬೋಗುಣಿಯಂತೆ ತಗ್ಗಾಗಿರುವುದರಿಂದ ಪೇಟೆಯ ರೇಡಿಯೋ ಗದ್ದಲವು ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 32 ಮೀಟರು ಮತ್ತು 18 ಮೀಟರು ವ್ಯಾಸದ ಆಂಟೆನಾಗಳನ್ನು ಅಲ್ಲಿ ನಿಲ್ಲಿಸಿದ್ದು ಇದೇ ಕಾರಣದಿಂದ. 2008ನೆಯ ಅಕ್ಟೋಬರ್ 22ರಂದು ಚಂದ್ರಯಾನ-1 ಹೊರಡುವುದಕ್ಕೆ ಕೆಲವೇ ದಿನಗಳ ಮುಂಚೆ ಅದೇ ಆವರಣದಲ್ಲಿ ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವೂ ಆರಂಭವಾಯಿತು. ಆಂಟೆನಾಗಳನ್ನು ನೋಡಿ ಬೆರಗಾಗುವವರು ಅನೇಕರು. ಅವು ಹಿಡಿದು ತಂದದ್ದನ್ನು ಜೋಡಿಸಿ, ಹೆಸರಿಟ್ಟು, ಕಾಪಾಡಿ, ಕೇಳಿದವರಿಗೆ ಕೊಡುವ ಕೇಂದ್ರದ ಕಡೆಗೆ ದೃಷ್ಟಿ ಹಾಯಿಸುವವರು ಕಡಮೆ. ಅಲ್ಲಿಂದ ದತ್ತಾಂಶವನ್ನು ಹೊರಗೆ ಕೊಡುವ ದ್ವಾರಕ್ಕೆ ‘ಪ್ರದಾನ್’ ಎಂದು ಹೆಸರಿಟ್ಟಿರುವುದು ಸಮಂಜಸವಾಗಿದೆ.

ಅಲ್ಲಿ ಸೇರಿರುವ ಸಾಮಗ್ರಿಯಲ್ಲಿ ರೋಹಿತಗಳ ಪಾಲು ದೊಡ್ಡದು. ಬೆಳಕನ್ನು ಅಲೆಯುದ್ದಗಳಾಗಿ ಬಿಡಿಸಿ ಒಂದೊಂದರ ಬಲವನ್ನೂ ಅಂಕಿಯಾಗಿ ಬರೆದ ಸಾಲೇ ರೋಹಿತ. ಪಠ್ಯಪುಸ್ತಕಗಳು ಇದನ್ನು ವರ್ಣಪಟಲವೆಂದೂ ಕರೆಯುವುದುಂಟು. ಆದರೆ ಕಣ್ಣಿಗೆ ಕಾಣದ ಕಿರಣಕ್ಕೆ ವರ್ಣವೆಲ್ಲಿಯದು? ಅಮರಕೋಶದಲ್ಲಿ ಬಾಗದೆ ನೆಟ್ಟಗಿರುವ ಕಾಮನಬಿಲ್ಲಿಗೆ ರೋಹಿತವೆಂದು ಹೆಸರಿದೆ. ಪಟ್ಟಕವು ಗೋಡೆಯ ಮೇಲೆ ಚಾಚುವ ನೇರವಾದ ಬಣ್ಣದ ಪಟ್ಟಿಗೆ ಈ ಮಾತು ಹೊಂದುವಷ್ಟು ವರ್ಣಪಟಲವು ಹೊಂದದು. ಹೆಸರಿನ ವಿಚಾರ ಹಾಗಿರಲಿ. ರೋಹಿತವು ಚಿತ್ರವಲ್ಲ, ಲಿಪಿ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಚಿತ್ರವಾದರೆ ಕಂಡವರಿಗೆಲ್ಲ ಏನೋ ಒಂದಿಷ್ಟು ತಿಳಿದೀತು. ಅಂಕಿಗಳ ಸಾಲಾದರೋ, ಯಾವ ಅಂಕಿ ಯಾವ ಅಲೆಯುದ್ದಕ್ಕೆ ಸೇರಿದ್ದು, ಉಪಕರಣ ಯಾವುದು, ಆಗ ಅದು ಎಷ್ಟು ಬೆಚ್ಚಗಿತ್ತು, ಸೂರ್ಯನ ಬೆಳಕು ಯಾವ ಕೋನದಿಂದ ಬೀಳುತ್ತಿತ್ತು ಎಂಬ ಟಿಪ್ಪಣಿಯಿಲ್ಲದೆ ನಿರರ್ಥಕವಾಗಿ ನಿಲ್ಲುತ್ತದೆ. ಟೀಕೆಯನ್ನು ಕಳೆದುಕೊಂಡರೂ ಕಾವ್ಯವನ್ನು ಕಷ್ಟಪಟ್ಟಾದರೂ ಓದಬಹುದು. ಟೀಕೆ ತಪ್ಪಿದ ರೋಹಿತವನ್ನು ಓದುವುದೇ ಸಾಧ್ಯವಿಲ್ಲ.

ಈ ಟಿಪ್ಪಣಿಗಳಿಗೆ ಒಂದು ಕ್ರಮವನ್ನು ಕಲ್ಪಿಸಿದವರು ಅಮೆರಿಕದ ನಾಸಾ ಸಂಸ್ಥೆಯವರು. ಅವರ ಗ್ರಹ ದತ್ತಾಂಶ ವ್ಯವಸ್ಥೆಯ ನಾಲ್ಕನೆಯ ಆವೃತ್ತಿ, ಎಂದರೆ ಪಿಡಿಎಸ್-4, ಚಂದ್ರಯಾನ-2ರ ಸಾಮಗ್ರಿಗೆ ಬ್ಯಾಲಾಳಿನಲ್ಲಿಯೂ ಸ್ವೀಕೃತವಾಗಿದೆ. ಇದರಲ್ಲಿ ಬಿಡಿ ಕೃತಿ, ಕೃತಿಗಳ ಸಂಗ್ರಹ, ಸಂಗ್ರಹಗಳ ‘ಬಂಡಲ್’ ಎಂದು ಮೂರು ಮೆಟ್ಟಿಲುಗಳುಂಟು. ಬಂಡಲ್ ಎಂಬುದಕ್ಕೆ ಓಲೆಗರಿಗಳನ್ನು ಕಂಡವರು ಕಟ್ಟು ಎನ್ನದೆ ಬೇರೆ ಮಾತನ್ನು ಹುಡುಕಲಾರರು. ಪ್ರತಿಯೊಂದು ಕೃತಿಯ ಜೊತೆಗೂ ಒಂದು ಲೇಬಲು ಇರುತ್ತದೆ; ಆ ಲೇಬಲಿನಲ್ಲಿ ಬದಲಾಗದ ಹೆಸರೂ ಬದಲಾಗುವ ಆವೃತ್ತಿಸಂಖ್ಯೆಯೂ ಬೇರೆಬೇರೆಯಾಗಿ ಬರೆದಿರುತ್ತವೆ. ತಿದ್ದುಪಡಿ ನಡೆದರೆ ಸಂಖ್ಯೆ ಏರುತ್ತದೆ, ಹೆಸರು ಉಳಿಯುತ್ತದೆ. ಅಚ್ಚಿನ ಲೋಕದಲ್ಲಿ ಎರಡನೆಯ ಮುದ್ರಣವೆಂದು ಬರೆದು ಒಳಗೆ ಏನನ್ನು ಬದಲಾಯಿಸಿದೆಯೆಂದು ಹೇಳದ ಪ್ರಕಾಶಕರನ್ನು ನೆನೆದರೆ ಈ ನಿಯಮದ ಬೆಲೆ ಗೊತ್ತಾಗುತ್ತದೆ. ಉಪಕರಣದಿಂದ ಬಂದಂತಿರುವ ಅಂಕಿಗಳನ್ನೂ ಪರಿಷ್ಕರಿಸಿದ ಅಂಕಿಗಳನ್ನೂ ಪ್ರತ್ಯೇಕವಾಗಿ ಕೊಡುವ ಪದ್ಧತಿಯು ಶ್ಲಾಘ್ಯವಾದದ್ದು.

ಹೀಗೆ ಪ್ರತ್ಯೇಕಿಸದಿದ್ದರೆ ಏನು ನಷ್ಟವಾಗುತ್ತಿತ್ತೆಂಬುದಕ್ಕೆ ಚಂದ್ರಯಾನ-1ರಲ್ಲಿ ಹೋದ ನಾಸಾದ ‘ಮೂನ್ ಮಿನರಾಲಜಿ ಮ್ಯಾಪರ್’ ಎಂಬ ಖನಿಜಶೋಧಕವೇ ನಿದರ್ಶನ. ಅದು 0.43ರಿಂದ 3.0 ಮೈಕ್ರೋಮೀಟರಿನವರೆಗಿನ ಬೆಳಕನ್ನು ಅಳೆಯುತ್ತಿತ್ತು. ಚಂದ್ರನನ್ನೆಲ್ಲ ಸಾಮಾನ್ಯವಾಗಿ ನೋಡುವಾಗ 85 ಪಟ್ಟಿಗಳಲ್ಲಿ ಅಂಕಿಗಳನ್ನು ಕೊಡುತ್ತಿತ್ತು. ನೌಕೆಯು 100 ಕಿಲೋಮೀಟರು ಎತ್ತರದಲ್ಲಿ ಸುತ್ತಬೇಕೆಂದು ಯೋಜನೆಯಿದ್ದಿತು. ಆದರೆ ಶಾಖ ಮಿತಿಮೀರಿತು. ದಿಕ್ಕನ್ನು ತಿಳಿಸುವ ನಕ್ಷತ್ರಸಂವೇದಕಗಳು ಕೆಟ್ಟವು. 2009ರ ಮೇ ತಿಂಗಳಲ್ಲಿ ಕಕ್ಷೆಯನ್ನು 200 ಕಿಲೋಮೀಟರಿಗೆ ಏರಿಸಬೇಕಾಯಿತು. ಆಗಸ್ಟ್ 29ರಂದು ಸಂಪರ್ಕವೇ ಕಡಿದುಹೋಯಿತು. ಪರಿಣಾಮವಾಗಿ ಒಂದೇ ಉಪಕರಣದ ರೋಹಿತಗಳು ಒಂದೇ ಬಗೆಯವಾಗಿ ಉಳಿಯಲಿಲ್ಲ. ಸಂಗ್ರಹಕಾರರು ಅವನ್ನು 1ಎ, 1ಬಿ, 2ಎ, 2ಬಿ, 2ಸಿ ಎಂಬ ಅವಧಿಗಳಾಗಿ ವಿಂಗಡಿಸಿ ಇಟ್ಟರು. 2ಸಿ ಅವಧಿಯದು ಎತ್ತರದ ಕಕ್ಷೆಯಿಂದ ತೆಗೆದದ್ದು. ಅದರಲ್ಲಿ ಒಂದೊಂದು ಚುಕ್ಕೆಯೂ ನೆಲದ ಮೇಲೆ ಇಮ್ಮಡಿ ಅಗಲದ ಜಾಗವನ್ನು ಹಿಡಿಯುತ್ತದೆ, ಸ್ಥಾನನಿರ್ಣಯದಲ್ಲಿಯೂ ಅಷ್ಟು ಖಚಿತತೆಯಿಲ್ಲ. ಒಂದೇ ಕಾವ್ಯವನ್ನು ಐದು ಜನ ಲಿಪಿಕಾರರು ಪ್ರತಿಮಾಡಿದ್ದರೆ ಯಾವ ಭಾಗ ಯಾರ ಕೈಯದೆಂದು ಗುರುತಿಸುವುದು ಸಂಪಾದಕನ ಮೊದಲನೆಯ ಕರ್ತವ್ಯ. ಇಲ್ಲಿ ಆ ಕರ್ತವ್ಯ ನಡೆದಿದೆ. ಈ ಗುರುತನ್ನು ಲೆಕ್ಕಿಸದೆ 1ಬಿ ಅವಧಿಯ ರೋಹಿತವನ್ನು 2ಸಿಯೊಂದಿಗೆ ಹೋಲಿಸಿದವನು ನೆಲದ ವ್ಯತ್ಯಾಸವೆಂದು ಬಗೆಯುವುದು ನೌಕೆಯ ಕಾಯಿಲೆಯಾಗಿರಬಹುದು.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕು ನೀರಿನದು. ನೀರು ಹಾಗೂ ಹೈಡ್ರಾಕ್ಸಿಲ್ 3 ಮೈಕ್ರೋಮೀಟರಿನ ಆಸುಪಾಸಿನಲ್ಲಿ ಬೆಳಕನ್ನು ಹೀರುವುದರಿಂದ ರೋಹಿತದಲ್ಲಿ ಅಲ್ಲೊಂದು ಕಣಿವೆ ಬೀಳುತ್ತದೆ. 2009ರ ಸೆಪ್ಟೆಂಬರಿನಲ್ಲಿ ಪೀಟರ್ಸ್ ಮತ್ತು ಸಂಗಡಿಗರು ಖನಿಜಶೋಧಕದ ರೋಹಿತಗಳಲ್ಲಿ ಆ ಕಣಿವೆಯನ್ನು ತೋರಿಸಿದಾಗ ಲೋಕವೆಲ್ಲ ಚಂದ್ರನ ನೀರಿನ ಮಾತನ್ನಾಡಿತು. ಆದರೆ ಉಪಕರಣದ ದೃಷ್ಟಿ 3.0 ಮೈಕ್ರೋಮೀಟರಿಗೇ ಮುಗಿಯುತ್ತಿದ್ದುದರಿಂದ ಅದಕ್ಕೆ ಕಂಡದ್ದು ಕಣಿವೆಯ ಈಚಿನ ದಡವಷ್ಟೆ. ಸಾಲದುದಕ್ಕೆ, ಹಗಲಿನಲ್ಲಿ ಕಾದ ಚಂದ್ರನ ನೆಲವು ತಾನೇ ಶಾಖಕಿರಣಗಳನ್ನು ಸೂಸುತ್ತದೆ. 2 ಮೈಕ್ರೋಮೀಟರಿನಿಂದಾಚೆಗೆ ಇವು ಸೂರ್ಯನ ಪ್ರತಿಫಲಿತ ಬೆಳಕಿನೊಂದಿಗೆ ಬೆರೆತು ಕಣಿವೆಯನ್ನು ತುಂಬಿಬಿಡುತ್ತವೆ. ಈ ಶಾಖದ ಪಾಲನ್ನು ಕಳೆಯದೆ ನೀರಿನ ಪ್ರಮಾಣವನ್ನು ಹೇಳುವಂತಿಲ್ಲ. ಕಳೆಯಬೇಕಾದರೆ ನೆಲದ ಉಷ್ಣತೆಯನ್ನು ಊಹಿಸಲೇಬೇಕು. ಊಹೆಯು ಎಲ್ಲಿ ಕಾಲಿಟ್ಟಿತೋ ಅಲ್ಲಿ ಪಾಠಾಂತರವೂ ಹುಟ್ಟಿತೆಂದೇ ತಿಳಿಯಬೇಕು.

ಹಾಗೆಯೇ ಆಯಿತು. 2017ರಲ್ಲಿ ಲೀ ಮತ್ತು ಮಿಲ್ಲಿಕೆನ್ ಎಂಬವರು ಅದೇ ಅಂಕಿಗಳಿಂದ ಶಾಖವನ್ನು ಒಂದು ವಿಧದಲ್ಲಿ ಕಳೆದು, ನೀರಿನ ಅಂಶವು ಧ್ರುವಗಳ ಕಡೆಗೆ ಹೋದಂತೆ ಹೆಚ್ಚುತ್ತದೆ, ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ ಎಂದು ನಕ್ಷೆ ಬರೆದರು. ಮರುವರ್ಷವೇ ಬ್ಯಾಂಡ್‌ಫೀಲ್ಡ್ ಮತ್ತು ಸಂಗಡಿಗರು ಇನ್ನೊಂದು ವಿಧದಲ್ಲಿ ಕಳೆದು, ಹೀರಿಕೆಯು ಎಲ್ಲ ಅಕ್ಷಾಂಶಗಳಲ್ಲಿಯೂ ಎಲ್ಲ ಹೊತ್ತಿನಲ್ಲಿಯೂ ಉಂಟೆಂದು ಸಾಧಿಸಿದರು. ಮೂಲಪ್ರತಿ ಒಂದೇ, ಪರಿಷ್ಕರಣಗಳು ಎರಡು, ಅವುಗಳಿಂದ ಹೊರಟ ಚಂದ್ರರೂ ಇಬ್ಬರು. ಇದು ಪಂಡಿತರ ಒಣಜಗಳವಲ್ಲ. ಹಗಲಿನಲ್ಲಿ ನೀರು ಜಾಗ ಬಿಟ್ಟು ಅಲೆಯುತ್ತದೆಯೋ, ಕಲ್ಲಿನಲ್ಲಿಯೇ ಕಟ್ಟುಬಿದ್ದಿದೆಯೋ ಎಂಬ ಪ್ರಶ್ನೆ ಇದರ ಮೇಲೆ ನಿಂತಿದೆ. ಮನುಷ್ಯರು ಅಲ್ಲಿ ಬಿಡಾರ ಹೂಡಿದರೆ ನೀರನ್ನು ಎಲ್ಲಿ ಹುಡುಕಬೇಕೆಂಬ ಪ್ರಶ್ನೆಯೂ ಹಾಗೆಯೇ. ಶಾಖವನ್ನು ಕಳೆದ ಅಂಕಿಗಳನ್ನು ಮಾತ್ರ ಉಳಿಸಿ, ಕಳೆಯುವುದಕ್ಕೆ ಮುಂಚಿನವನ್ನು ಬಿಸಾಡಿದ್ದರೆ ಈ ವಾದವನ್ನು ಹೂಡುವುದಕ್ಕೇ ಆಸ್ಪದವಿರುತ್ತಿರಲಿಲ್ಲ. ಅಧಿಕೃತ ಸಂಗ್ರಹದ ಕೊರತೆಯೊಂದನ್ನೂ ಇಲ್ಲಿಯೇ ಸೂಚಿಸಬಹುದು. ಖನಿಜಶೋಧಕದ ಎರಡನೆಯ ಹಂತದ ಅಂಕಿಗಳಲ್ಲಿ ಒಂದೇ ಬಗೆಯ ಉಷ್ಣಪರಿಹಾರವು ಸೇರಿದೆ. ಅನಂತರ ಬಂದ ಪ್ರತಿಪಾಠಗಳು ಅದೇ ಕಟ್ಟಿನಲ್ಲಿಲ್ಲದೆ ಪ್ರಬಂಧಗಳ ಜೊತೆಯಲ್ಲಿ ಚೆದರಿವೆ. ಪುಟದ ಅಡಿಯಲ್ಲಿ ಪಾಠಾಂತರಗಳನ್ನು ಕೊಡದ ಕಾವ್ಯಮುದ್ರಣವನ್ನು ಒಪ್ಪದ ವಿದ್ವಾಂಸರು ಇದನ್ನೂ ಪೂರ್ಣವೆಂದು ಒಪ್ಪಲಾರರು.

ಚಂದ್ರಯಾನ-2ರ ಅವಕೆಂಪು ರೋಹಿತಮಾಪಕವು ಈ ವಿವಾದಕ್ಕೆ ಹೊಸ ಸಾಕ್ಷಿಯಾಗಿ ಬಂದಿದೆ. ಅದರ ವ್ಯಾಪ್ತಿ 0.8ರಿಂದ 5.0 ಮೈಕ್ರೋಮೀಟರು, ಎಂದರೆ ಕಣಿವೆಯ ಎರಡು ದಡಗಳೂ ಅದಕ್ಕೆ ಕಾಣುತ್ತವೆ, ಶಾಖವನ್ನೂ ಊಹಿಸುವ ಬದಲು ಅದೇ ರೋಹಿತದಿಂದ ಅಳೆಯಬಹುದು. 2021ರಲ್ಲಿ ಪ್ರಕಟವಾದ ಪ್ರಬಂಧವೊಂದು ಇದರ ಆಧಾರದಿಂದ ಹೈಡ್ರಾಕ್ಸಿಲನ್ನೂ ನೀರನ್ನೂ ಬೇರೆಬೇರೆಯಾಗಿ ಗುರುತಿಸಿತು. ಹೊಸ ಪ್ರತಿ ದೊರೆತಾಗ ಹಳೆಯದನ್ನು ಅಟ್ಟಕ್ಕೆ ಎಸೆಯುವುದು ಮಾತ್ರ ಸರ್ವಥಾ ತಪ್ಪು. ಶನಿಯ ಕಡೆಗೆ ಹೊರಟಿದ್ದ ಕಸ್ಸೀನಿ ನೌಕೆ 1999ರ ಆಗಸ್ಟಿನಲ್ಲಿ ಹಾದಿಯಲ್ಲಿ ಚಂದ್ರನ ರೋಹಿತವನ್ನು ತೆಗೆದಿತ್ತು. ಅದರಲ್ಲಿದ್ದ ನೀರಿನ ಗುರುತು 2009ರಲ್ಲಿ, ಖನಿಜಶೋಧಕದ ವರದಿಯ ಜೊತೆಯಲ್ಲಿ ಪ್ರಕಟವಾಯಿತು. ಹತ್ತು ವರ್ಷ ಆ ಅಂಕಿಗಳು ಯಾರಾದರೂ ಪ್ರಶ್ನೆ ಕೇಳಲೆಂದು ಕಾದು ಕುಳಿತಿದ್ದುವೆನ್ನಬಹುದು. ಖನಿಜಶೋಧಕದ ಅಂಕಿಗಳೂ ಹೀಗೆಯೇ, ನೌಕೆ ಮೌನವಾಗಿ ಒಂಬತ್ತು ವರ್ಷಗಳಾದ ಮೇಲೆ, 2018ರಲ್ಲಿ ಧ್ರುವಗಳ ನಿತ್ಯನೆರಳಿನ ಕುಳಿಗಳಲ್ಲಿ ಹಿಮವಿದೆಯೆಂಬುದನ್ನು ತೋರಿಸಿಕೊಟ್ಟುವು.

ಕೆಲವು ರೋಹಿತಗಳು ಜೊತೆಯಿಲ್ಲದೆ ಅರ್ಥವನ್ನೇ ಬಿಟ್ಟುಕೊಡುವುದಿಲ್ಲ. ಚಂದ್ರಯಾನ-2ರ ‘ಕ್ಲಾಸ್’ ಉಪಕರಣವು ಚಂದ್ರನ ನೆಲದಿಂದ ಹೊರಡುವ ಎಕ್ಸ್-ಕಿರಣಗಳನ್ನು ಎಂಟೆಂಟು ಸೆಕೆಂಡುಗಳ ತುಣುಕುಗಳಾಗಿ ದಾಖಲಿಸುತ್ತದೆ. ಮೆಗ್ನೀಸಿಯಂ 1.25, ಅಲ್ಯೂಮಿನಿಯಂ 1.49, ಸಿಲಿಕಾನ್ 1.74 ಕಿಲೋ ಎಲೆಕ್ಟ್ರಾನ್ ವೋಲ್ಟುಗಳಲ್ಲಿ ತಮ್ಮ ತಮ್ಮ ರೇಖೆಗಳನ್ನು ತೋರುತ್ತವೆ. ಆದರೆ ಆ ರೇಖೆಗಳನ್ನು ಎಬ್ಬಿಸುವುದು ಸೂರ್ಯನ ಎಕ್ಸ್-ಕಿರಣ. ಅದು ಗಳಿಗೆಗಳಿಗೆಗೂ ಏರಿಳಿಯುವಂಥದು. ಆದುದರಿಂದ ಅದೇ ಗಳಿಗೆಯಲ್ಲಿ ಸೂರ್ಯನನ್ನು ನೋಡುತ್ತಿದ್ದ ಇನ್ನೊಂದು ಉಪಕರಣದ ರೋಹಿತವನ್ನು ಮಗ್ಗುಲಲ್ಲಿಟ್ಟುಕೊಂಡೇ ಇದನ್ನು ಓದಬೇಕು. ಎರಡನ್ನೂ ಎರಡು ಕಪಾಟುಗಳಲ್ಲಿಟ್ಟು, ಕಾಲಸೂಚಿಯೊಂದನ್ನು ಮಾತ್ರ ನಂಬಿ ಓದುಗನೇ ಹೊಂದಿಸಿಕೊಳ್ಳಲೆಂದು ಬಿಡುವುದು ಹಳಗನ್ನಡ ಪದ್ಯವನ್ನು ಒಂದು ಸಂಪುಟದಲ್ಲಿಯೂ ಅದರ ಅನ್ವಯವನ್ನು ಇನ್ನೊಂದರಲ್ಲಿಯೂ ಮುದ್ರಿಸಿದಂತೆ. ತಜ್ಞನಿಗೆ ತೊಂದರೆಯಿಲ್ಲ, ನಿಜ. ಕೆಂಗೇರಿಯ ಕಾಲೇಜೊಂದರಲ್ಲಿ ಕುಳಿತು ಮೊದಲ ಸಲ ಕಟ್ಟು ಬಿಚ್ಚುವ ವಿದ್ಯಾರ್ಥಿಯ ಪಾಡು ಬೇರೆ. ಅವನು ಹೆಸರನ್ನು ನೋಂದಾಯಿಸಿ ಒಳಹೊಕ್ಕರೂ, ದಿನಾಂಕವನ್ನೂ ಉಪಕರಣವನ್ನೂ ಮೊದಲೇ ಬಲ್ಲವನಿಗೆ ದೊರೆಯುವಷ್ಟು ಸುಲಭವಾಗಿ ವಿಷಯವನ್ನು ಮಾತ್ರ ಬಲ್ಲವನಿಗೆ ಸಾಮಗ್ರಿ ದೊರೆಯುವುದಿಲ್ಲ. ಅಕಾರಾದಿಯಿಲ್ಲದ ನಿಘಂಟಿನಲ್ಲಿ ಪದವಿರುವುದು ನಿಶ್ಚಯ, ಸಿಕ್ಕುವುದು ಅದೃಷ್ಟ.

ಬೆಂಗಳೂರಿನ ಇನ್ನೊಂದು ಭಂಡಾರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಲೇಬಲಿನ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯು ತನ್ನ ಕೊಡೈಕನಾಲ್ ವೀಕ್ಷಣಾಲಯದ ಸೌರಫಲಕಗಳನ್ನು ಅಂಕಿಗಳಾಗಿ ಮಾರ್ಪಡಿಸಿದೆ. ಕ್ಯಾಲ್ಸಿಯಂ ರೇಖೆಯ ಬೆಳಕಿನಲ್ಲಿ ತೆಗೆದ ಸೂರ್ಯಚಿತ್ರಗಳು ಇಪ್ಪತ್ತನೆಯ ಶತಮಾನದ ಆರಂಭದಿಂದ 2007ರವರೆಗೆ ಬರುತ್ತವೆ. ಎವರ್‌ಶೆಡ್ 1909ರಲ್ಲಿ ಸೂರ್ಯಕಲೆಗಳೊಳಗಿನ ಅನಿಲದ ಹರಿವನ್ನು ರೋಹಿತದಿಂದ ಕಂಡದ್ದು ಆ ಬೆಟ್ಟದ ಮೇಲೆಯೇ. ಅಂಥ ಫಲಕದ ಕಪ್ಪನ್ನು ನೋಡಿ ಬೆಳಕಿನ ಬಲವನ್ನು ತಿಳಿಯಬೇಕಾದರೆ, ಗೊತ್ತಿರುವ ಬೆಳಕಿನ ಮೆಟ್ಟಿಲುಗಳನ್ನು ಫಲಕದ ಅಂಚಿನಲ್ಲಿಯೇ ಒತ್ತಿರಬೇಕು. ಹಳೆಯ ಫಲಕಗಳಲ್ಲಿ ಅದು ಇಲ್ಲ. ಯಾರದೂ ಅಪರಾಧವಲ್ಲ, ಮುಂದೊಂದು ದಿನ ಅದು ಬೇಕಾದೀತೆಂದು ಆಗ ತೋರಿರಲಿಲ್ಲ. ಇಂದಿನ ಸಂಶೋಧಕರು ಸೂರ್ಯನ ಪ್ರಶಾಂತ ಭಾಗವನ್ನೇ ಅಳತೆಗೋಲಾಗಿಟ್ಟುಕೊಂಡು ಆ ಮೆಟ್ಟಿಲುಗಳನ್ನು ಗಣಿತದಿಂದ ಮತ್ತೆ ಕಟ್ಟುತ್ತಿದ್ದಾರೆ. ತ್ರುಟಿತವಾದ ಶಾಸನದ ಸಾಲನ್ನು ಛಂದಸ್ಸಿನ ಬಲದಿಂದ ತುಂಬುವಂತೆ.

2023ನೆಯ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯಲ್ಲಿ ಸೂರ್ಯನ ಪ್ರಭಾವಲಯದ ರೋಹಿತವನ್ನು ತೆಗೆಯುವ ಉಪಕರಣವನ್ನು ರಚಿಸಿದ್ದು ಇದೇ ಖಭೌತ ಸಂಸ್ಥೆ. ಅದರ ಅಂಕಿಗಳು ಬ್ಯಾಲಾಳಿನ ಮೂಲಕ ಬರುತ್ತವೆ. ಬೆಟ್ಟದ ಮೇಲಿನ ಗಾಜಿನ ಫಲಕಗಳೂ ಬೋಗುಣಿಯೊಳಗಿನ ಅಂಕಿಗಳೂ ಒಂದೇ ಸೂರ್ಯನನ್ನು ಕುರಿತವು. ಇವೆರಡನ್ನೂ ಒಂದೇ ಕಾಲಗಣನೆಯಲ್ಲಿ, ಒಂದೇ ಬಗೆಯ ಲೇಬಲಿನೊಡನೆ ಒಟ್ಟಿಗೆ ಓದುವಂತೆ ಮಾಡುವ ಸೂಚಿಯನ್ನು ಈ ಎರಡು ಸಂಸ್ಥೆಗಳು ಸೇರಿ ಸಿದ್ಧಪಡಿಸತಕ್ಕದ್ದಾಗಿದೆ.