ಸ್ಯಾಕ್ಸೊಫೋನಿನಲ್ಲಿ ವಾಲಗದ ಉಸಿರು

ಕುಣಿಗಲ್ಲಿನ ಒಂದು ಮದುವೆ ಛತ್ರ. ಧಾರೆಗೆ ಇನ್ನೂ ಹೊತ್ತಿತ್ತು. ವಾಲಗದವರು ಗೋಡೆಗೊರಗಿ ಕಾಫಿ ಕುಡಿಯುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು ಸ್ಯಾಕ್ಸೊಫೋನಿನ ಬಾಯಿಂದ ರೀಡು ಬಿಚ್ಚಿದರು, ನಾಲಿಗೆಯ ಮೇಲಿಟ್ಟು ನೆನೆಸಿದರು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮತ್ತೆ ಜೋಡಿಸಿ ತಿರುಪು ಬಿಗಿದರು. ನಾಗಸ್ವರದ ಪೀಪಿಯನ್ನು ಹದ ಮಾಡಿ ಪಳಗಿದ ಕೈ ಅದು. ಆಮೇಲೆ ಕಲ್ಯಾಣಿ ಹಿಡಿದರು. ನಿಷಾದದ ಮೇಲೆ ನಿಂತಾಗ ಬೆರಳು ಅಲುಗಲಿಲ್ಲ, ಕೆಳದವಡೆ ಮಾತ್ರ ಸಣ್ಣಗೆ ಅದುರಿತು. ಸ್ವರ ತೂಗಿತು.

ಆ ಅದುರು ನಮ್ಮ ಛತ್ರಗಳಿಗೆ ಬಂದದ್ದು ಕದ್ರಿ ಗೋಪಾಲನಾಥರಿಂದ. 1949ರಲ್ಲಿ ಬಂಟ್ವಾಳದ ಸಜಿಪಮೂಡದಲ್ಲಿ ಹುಟ್ಟಿದವರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಹುಡುಗ ಅದಕ್ಕೇ ಅಂಟಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್, ಮುಂದೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಿಂದ ಪಾಠ. ವಾದ್ಯ ಪೂರ್ತಿ ಕೈವಶವಾಗಲು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಬೇಕಾಯಿತು.

ಇಷ್ಟು ವರ್ಷ ಯಾಕೆ ಬೇಕಾಯಿತು ಎಂಬಲ್ಲೇ ಅವರ ಸಾಧನೆಯ ತಿರುಳಿದೆ. ನಾಗಸ್ವರದ ಏಳು ರಂಧ್ರಗಳು ತೆರೆದೇ ಇರುತ್ತವೆ. ಬೆರಳನ್ನು ಅರ್ಧ ಸರಿಸಿದರೆ ಸ್ವರ ಅರ್ಧ ಜಾರುತ್ತದೆ, ಗಮಕ ಅಲ್ಲೇ ಹುಟ್ಟುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯದಲ್ಲಿ ರಂಧ್ರಕ್ಕೂ ಬೆರಳಿಗೂ ನಡುವೆ ಕೀಲಿ ಇದೆ, ಮುಚ್ಚಳ ಇದೆ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಡುವಿನ ದಾರಿಯನ್ನು ತುಟಿ, ದವಡೆ, ಉಸಿರುಗಳೇ ಹುಡುಕಿಕೊಳ್ಳಬೇಕು. ನಮ್ಮ ಗುಬ್ಬಿ ಕಂಪನಿ ಹಾರ್ಮೋನಿಯಂ ತಂದು ರಂಗದ ಮುಂದೆ ಕೂರಿಸಿದಾಗ ಈ ಕಷ್ಟ ಇರಲಿಲ್ಲ. ಮಣೆ ಸ್ವರ ಹಿಡಿದುಕೊಡುತ್ತಿತ್ತು, ತೂಗುವ ಕೆಲಸವನ್ನು ನಟರ ಕಂಠ ಮಾಡುತ್ತಿತ್ತು. ಹಾಗಿದ್ದೂ ಗಮಕ ಬಾರದ ವಾದ್ಯವೆಂದು ಆಕಾಶವಾಣಿ 1940ರಿಂದ ಮೂರು ದಶಕ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಗೋಪಾಲನಾಥರಿಗಾದರೋ ಮರೆಯಾಗಲು ಕಂಠವೂ ಇರಲಿಲ್ಲ. ಸ್ಯಾಕ್ಸೊಫೋನೇ ಹಾಡಬೇಕಿತ್ತು.

ಅಮೆರಿಕದಲ್ಲಿ 1930ರ ದಶಕದ ಸ್ವಿಂಗ್ ತಂಡಗಳಲ್ಲಿ ಟ್ರಾಂಬೋನ್ ನುಡಿಸಿದ ಟಾಮಿ ಡಾರ್ಸಿ, ಜ್ಯಾಕ್ ಟೀಗಾರ್ಡನ್ ಅವರನ್ನು ಕೇಳುವಾಗೆಲ್ಲ ನನಗೊಂದು ಯೋಚನೆ ಬರುತ್ತದೆ. ಆ ವಾದ್ಯಕ್ಕೆ ಕೀಲಿಯ ಕಾಟವಿಲ್ಲ. ಕೊಳವೆಯೊಳಗೆ ಕೊಳವೆ ಜಾರುತ್ತದೆ, ಸ್ವರವೂ ಜೊತೆಗೇ ಜಾರುತ್ತದೆ. ನಮ್ಮ ಗಮಕಕ್ಕೆ ಅದೇ ಹೇಳಿ ಮಾಡಿಸಿದ್ದಲ್ಲವೇ? ಆದರೂ ಚಪ್ಪರದೊಳಗೆ ನೆಲೆ ನಿಂತದ್ದು ಸ್ಯಾಕ್ಸೊಫೋನ್. ಕಾರಣ ಬಾಯಲ್ಲಿದೆ ಎಂದು ನನಗನಿಸುತ್ತದೆ. ಟ್ರಾಂಬೋನಿನಲ್ಲಿ ರೀಡಿಲ್ಲ, ತುಟಿಯೇ ಕಂಪಿಸಬೇಕು. ಸ್ಯಾಕ್ಸೊಫೋನ್ ಹಿತ್ತಾಳೆಯದಾದರೂ ಅದರ ದನಿ ಹುಟ್ಟುವುದು ಬೆತ್ತದಂಥ ತೆಳು ಸೀಳಿನಿಂದ. ನಾಗಸ್ವರದ ಮನೆಯ ಹುಡುಗನ ಬೆರಳಿಗೆ ಅದು ಹೊಸದು, ಬಾಯಿಗೆ ಹಳೆಯ ನೆಂಟ.

ಮುಂದಿನದು ಎಲ್ಲರಿಗೂ ಗೊತ್ತಿರುವ ಖ್ಯಾತಿ. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರ ವಾದನ ಕೇಳಿ ಜೊತೆಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ, ಅದೇ ವರ್ಷ ‘ಡ್ಯುಯೆಟ್’ ಸಿನಿಮಾಗೆ ವಾದನ, 2004ರಲ್ಲಿ ಪದ್ಮಶ್ರೀ. ಇದರಲ್ಲಿ ನನಗೆ ನಿಜಕ್ಕೂ ಬೆಲೆಯುಳ್ಳದ್ದಾಗಿ ಕಾಣುವುದು 2008ರ ಆಲ್ಬಮ್ ‘ಕಿನ್ಸ್‌ಮೆನ್’. ಹೆಸರಿನಲ್ಲೇ ಕನ್ನಡವಿರುವ, ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಜಾಝ್ ಕಲಿಯುತ್ತಿದ್ದಾಗ ಅವರ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟಿದ್ದರಂತೆ. ತಮಾಷೆ ಒಂದು ಜೀವಮಾನದ ಹುಡುಕಾಟವಾಯಿತು. ಈ ಆಲ್ಬಮ್ಮಿನಲ್ಲಿ ಇಬ್ಬರೂ ಆಲ್ಟೊ ಸ್ಯಾಕ್ಸೊಫೋನ್ ನುಡಿಸುತ್ತಾರೆ, ಒಬ್ಬರು ಇನ್ನೊಬ್ಬರಂತೆ ಆಗಲು ಹೋಗುವುದಿಲ್ಲ. ಗೋಪಾಲನಾಥರ ಬೇರೆ ಜುಗಲ್‌ಬಂದಿಗಳಲ್ಲಿ ಎಷ್ಟೋ ಸಲ ಅವರು ಬೇರೆಯವರ ಊಟಕ್ಕೆ ಉಪ್ಪಿನಕಾಯಿಯಷ್ಟೇ ಆಗಿಬಿಡುತ್ತಾರೆ. ಇಲ್ಲಿ ಹಾಗಾಗಿಲ್ಲ.

ರುಚಿಸದ್ದನ್ನೂ ಹೇಳಬೇಕು. ವೇಗದ ಮೇಲೆ ಅವರಿಗೆ ಅತಿಯಾದ ಮೋಹವಿತ್ತು. ಕನ್ಯಾಕುಮಾರಿಯವರ ಪಿಟೀಲು, ರಾಜಶೇಖರ್ ಅವರ ಮೋರ್ಸಿಂಗ್ ಜೊತೆಗಿದ್ದ ಕಛೇರಿಗಳಲ್ಲೂ ಕೃತಿ ಓಟ ಕೀಳುತ್ತದೆ, ಚಪ್ಪಾಳೆ ಬೀಳುತ್ತದೆ, ಸಾಹಿತ್ಯದ ಉಸಿರು ಕಾಣೆಯಾಗುತ್ತದೆ. ಓಡುವಾಗ ಸ್ಯಾಕ್ಸೊಫೋನ್ ಮತ್ತೆ ಕೀಲಿಯ ವಾದ್ಯವೇ ಆಗಿಬಿಡುತ್ತದೆ, ದವಡೆಗೆ ತೂಗಲು ಪುರಸೊತ್ತಿಲ್ಲ. ಅವರ ನಿಜವಾದ ದೊಡ್ಡತನ ವಿಳಂಬದ ಆಲಾಪನೆಯಲ್ಲಿದೆ. ಒಂದೇ ಸ್ವರವನ್ನು ಸೊರಗಲು ಬಿಡದೆ ಹಿಡಿದು, ತುದಿಯಲ್ಲಿ ಮೆಲ್ಲನೆ ಬಾಗಿಸುವಾಗ ಲೋಹ ಎಂಬುದು ಮರೆತೇ ಹೋಗುತ್ತದೆ.

ಅನುಕರಿಸಿದವರು ಹೆಚ್ಚಾಗಿ ಹಿಡಿದದ್ದು ವೇಗವನ್ನು, ಇದು ನನ್ನ ದುಃಖ. ತುಮಕೂರಿನ ಬಿ.ಎಚ್. ರಸ್ತೆಯ ಛತ್ರಗಳಲ್ಲಾಗಲಿ ಗುಬ್ಬಿಯಲ್ಲಾಗಲಿ ವಾಲಗ ಗೊತ್ತುಮಾಡುವಾಗ ಸ್ಯಾಕ್ಸೊಫೋನ್ ಇದೆಯಾ ಎಂದೇ ಮೊದಲು ಕೇಳುತ್ತಾರೆ. ಇದ್ದರೆ ನಾಲ್ಕು ಕಾಸು ಹೆಚ್ಚು. ಚಪ್ಪರದ ಮೂಲೆಯಲ್ಲಿ ಕೂರುತ್ತಿದ್ದ ಮನೆತನಗಳ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಅದರಿಂದ ವೇದಿಕೆಯ ನಡುಭಾಗ ಸಿಕ್ಕಿತು. ಈ ಒಂದು ಕಾರಣಕ್ಕೇ ಗೋಪಾಲನಾಥರಿಗೆ ನಾನು ಕೈಮುಗಿಯುತ್ತೇನೆ. ಆದರೆ ನಾಗಸ್ವರ ಗೂಟಕ್ಕೆ ನೇತುಬಿದ್ದ ಮನೆಗಳೂ ಇವೆ. ಬಾಯಿಗೆ ಆ ಪಾಠವಿಲ್ಲದೆ ನೇರ ಸ್ಯಾಕ್ಸೊಫೋನಿಗೆ ಬಂದವರು ಸ್ವರವನ್ನು ಒತ್ತುತ್ತಾರೆ, ತೂಗುವುದಿಲ್ಲ. 2019ರ ಅಕ್ಟೋಬರಿನಲ್ಲಿ ಗೋಪಾಲನಾಥರು ತೀರಿಕೊಂಡಾಗಿನಿಂದ ಈ ವ್ಯತ್ಯಾಸ ನನ್ನ ಕಿವಿಗೆ ಇನ್ನಷ್ಟು ಚುಚ್ಚುತ್ತಿದೆ.

ಕುಣಿಗಲ್ಲಿನ ಆ ಹಿರಿಯರು ಪುರೋಹಿತರು ಕೈಯೆತ್ತಿದ ಕೂಡಲೇ ಗಟ್ಟಿಮೇಳ ನುಡಿಸಿದರು, ಡೋಲು ಛತ್ರವನ್ನೇ ಅದುರಿಸಿತು. ಆಮೇಲೆ ಎರಡು ಸಿನಿಮಾ ಹಾಡು. ಜನ ಊಟದ ಪಂಕ್ತಿಗೆ ನುಗ್ಗಿದರು. ಖಾಲಿ ಕುರ್ಚಿಗಳ ಎದುರು ಅವರು ಬಿಟ್ಟಿದ್ದ ಕಲ್ಯಾಣಿಯನ್ನು ಮತ್ತೆ ಹಿಡಿದರು. ಡೋಲಿನವನು ಕೋಲು ಕೆಳಗಿಟ್ಟು ಶ್ರುತಿಪೆಟ್ಟಿಗೆಯ ದನಿ ಒಂಚೂರು ಏರಿಸಿ ಸುಮ್ಮನೆ ಕುಳಿತ.