ಬರಲಿರುವ ಬೇನೆ, ಬಂದಿರುವ ಸಂಕಟ: ಕೋಟದ ಸಮೀಕ್ಷೆಯ ಒಂದು ಮರುಪರಿಶೀಲನೆ

ತೀವ್ರವಾದ ಮಾನಸಿಕ ಕಾಯಿಲೆಗಳು ಬಹುಮಟ್ಟಿಗೆ ತಾರುಣ್ಯದಲ್ಲಿಯೇ ತಲೆದೋರುವುವೆಂಬುದು ಈಗ ವೈದ್ಯಶಾಸ್ತ್ರದಲ್ಲಿ ಸರ್ವಸಮ್ಮತವಾದ ವಿಷಯ. ವಿದ್ಯಾರ್ಥಿಗಳು ಕಾಲೇಜಿನಲ್ಲಿರುವ ವಯಸ್ಸೂ ಅದೇ. ಇಂತಹ ಕಾಯಿಲೆ ಒಂದೇ ದಿನದಲ್ಲಿ ಎರಗುವುದು ಅಪೂರ್ವ. ಅದಕ್ಕೆ ಎಷ್ಟೋ ತಿಂಗಳು ಮುಂಚಿತವಾಗಿ ನಿದ್ರೆ ಕೆಡುತ್ತದೆ. ಓದಿನಲ್ಲಿ ಮನಸ್ಸು ನಿಲ್ಲದು. ಗೆಳೆಯರ ಸಂಗ ಬೇಡವಾಗುತ್ತದೆ. ಸುತ್ತಲಿನವರೆಲ್ಲ ತನ್ನನ್ನೇ ಕುರಿತು ಆಡಿಕೊಳ್ಳುತ್ತಿರುವರೆಂಬ ಶಂಕೆ ಬೆಳೆಯುತ್ತದೆ. ಈ ಅವಧಿಯಲ್ಲಿಯೇ ನೆರವು ನೀಡಿದರೆ ಮುಂದಿನ ಅನಾಹುತವನ್ನು ತಡೆಯಬಹುದೆಂಬ ವಿಚಾರಕ್ಕೆ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಪ್ಯಾಟ್ರಿಕ್ ಮೆಕ್‌ಗೋರಿ ಮತ್ತು ಅವರ ಸಂಗಡಿಗರು 1994ರಲ್ಲಿ ತೆರೆದ ಚಿಕಿತ್ಸಾಲಯ ಒಂದು ನಿಶ್ಚಿತ ರೂಪವನ್ನು ಕೊಟ್ಟಿತು. ಈ ವಿಚಾರವನ್ನು ನಮ್ಮ ಕರಾವಳಿಯನ್ನೇ ಕುರಿತ ಒಂದು ಹಳೆಯ ಗ್ರಂಥದ ಬೆಳಕಿನಲ್ಲಿ ವಿಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಜಿ. ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರಿಬ್ಬರು ಬರೆದ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' ಎಂಬ ಗ್ರಂಥ 1976ರಲ್ಲಿ ಪ್ರಕಟವಾಯಿತು. ಆಗ ಅವಿಭಕ್ತವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಯ, 1997ರಿಂದೀಚೆಗೆ ಉಡುಪಿ ಜಿಲ್ಲೆಗೆ ಸೇರಿದ ಕೋಟ ಗ್ರಾಮದ ಬ್ರಾಹ್ಮಣ, ಬಂಟ ಮತ್ತು ಮೊಗೇರ ಸಮುದಾಯಗಳ ಮನಃಸ್ವಾಸ್ಥ್ಯವೇ ಅದರ ವಸ್ತು. ಶಿವರಾಮ ಕಾರಂತರ ಹುಟ್ಟೂರೆಂದು ಕನ್ನಡಿಗರೆಲ್ಲ ಬಲ್ಲ ಕೋಟ, ಈ ಗ್ರಂಥದಿಂದ ಮನೋವೈದ್ಯಕೀಯದ ಚರಿತ್ರೆಯಲ್ಲಿಯೂ ಒಂದು ಸ್ಥಾನವನ್ನು ಪಡೆಯಿತು.

ಗ್ರಂಥದ ಹಿರಿಮೆ ಅದರ ಅಂಕಿಸಂಖ್ಯೆಗಳಿಗಿಂತ ಹೆಚ್ಚಾಗಿ ಅದರ ವಿಧಾನದಲ್ಲಿದೆ. ಲೇಖಕರು ರೋಗಗಳ ಹೆಸರುಗಳಿಂದ ಹೊರಡಲಿಲ್ಲ. ಜನರಿಗೆ ಇರುವ ತೊಂದರೆಗಳೇನು, ದಿನನಿತ್ಯದ ಬಾಳನ್ನು ಅವರು ಹೇಗೆ ನಡೆಸುತ್ತಿದ್ದಾರೆ, ನೆರವಿಗಾಗಿ ಯಾರ ಬಳಿಗೆ ಹೋಗುತ್ತಾರೆ ಎಂಬ ಪ್ರಶ್ನೆಗಳನ್ನು ಕೇಳಿದರು. ವೈದ್ಯ, ಮಂತ್ರವಾದಿ, ಪಾತ್ರಿ ಎಂಬ ಮೂರು ಬಗೆಯ ನಾಟಿ ಚಿಕಿತ್ಸಕರನ್ನು ಅವರು ಗುರುತಿಸಿದರು. ಜನರು ಇವರಲ್ಲಿಗೂ ಹೋಗುವರು, ಆಧುನಿಕ ವೈದ್ಯರಲ್ಲಿಗೂ ಹೋಗುವರು. ಒಂದನ್ನು ಹಿಡಿದವರು ಮತ್ತೊಂದನ್ನು ಬಿಡಬೇಕೆಂಬ ನಿರ್ಬಂಧ ಅವರಿಗಿಲ್ಲ. ಸಂಕಟಪಡುವವನು ಬಯಸುವುದು ಸಿದ್ಧಾಂತವನ್ನಲ್ಲ, ಪರಿಹಾರವನ್ನು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಇಂತಹ ಸಮೀಕ್ಷೆಗೆ ಒಂದು ಸಹಜವಾದ ಮಿತಿಯೂ ಉಂಟು. ಅದು ಒಂದು ಕಾಲಘಟ್ಟದಲ್ಲಿ ಇರುವ ಸ್ಥಿತಿಯನ್ನು ಎಣಿಸಬಲ್ಲುದು. ಆ ಸ್ಥಿತಿ ಹೇಗೆ ಬೆಳೆದು ಬಂದಿತೆಂಬುದನ್ನು ಕಾಣಿಸಲಾರದು. ಮೆಲ್ಬರ್ನಿನ ವಿಚಾರಧಾರೆ ಗಮನವಿಟ್ಟುದು ಈ ಬೆಳೆದು ಬರುವಿಕೆಯ ಮೇಲೆಯೇ. ಆದುದರಿಂದ ಇವೆರಡನ್ನೂ ಒಟ್ಟಿಗೆ ಓದುವುದು ಯುಕ್ತ.

ಬೇಗನೆ ನೆರವಾಗಬೇಕೆಂಬ ವಾದದಲ್ಲಿ ವಾಸ್ತವವಾಗಿ ಎರಡು ವಾದಗಳು ಬೆರೆತಿವೆ. ಕಾಯಿಲೆ ಕಾಣಿಸಿಕೊಂಡ ಮೇಲೆ ಚಿಕಿತ್ಸೆಗೆ ವಿಳಂಬವಾಗಬಾರದೆಂಬುದು ಮೊದಲನೆಯದು. ವಿಳಂಬ ಹೆಚ್ಚಿದಷ್ಟೂ ಫಲಿತಾಂಶ ಕೆಡುವುದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿರುವುದರಿಂದ ಈ ವಾದ ದೃಢವಾಗಿದೆ. ಕಾಯಿಲೆ ಬರುವ ಮೊದಲೇ ಅದು ಯಾರಿಗೆ ಬರುವುದೆಂದು ಗುರುತಿಸಬೇಕೆಂಬುದು ಎರಡನೆಯದು. ಇದರ ನೆಲೆ ಅಷ್ಟು ಭದ್ರವಲ್ಲ. ಅಪಾಯದ ಅಂಚಿನಲ್ಲಿರುವರೆಂದು ತಜ್ಞರು ಗುರುತಿಸಿದ ತರುಣರಲ್ಲಿ ಮೂರು ವರ್ಷಗಳೊಳಗೆ ಸೈಕೋಸಿಸ್‌ಗೆ ಒಳಗಾಗುವವರು ಸುಮಾರು ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗದವರ ವಿಷಯದಲ್ಲಿ ಆ ಅವಧಿಯೊಳಗೆ ಭವಿಷ್ಯವಾಣಿ ಫಲಿಸುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ರೋಗವರ್ಗೀಕರಣದಲ್ಲಿ ಈ ಪೂರ್ವಸ್ಥಿತಿಯನ್ನು ಅಂಗೀಕೃತ ರೋಗಗಳ ಸಾಲಿಗೆ ಸೇರಿಸದೆ, ಇನ್ನೂ ಅಧ್ಯಯನವಾಗಬೇಕಾದ ವಿಷಯಗಳ ಭಾಗದಲ್ಲಿ ಇರಿಸಿತು. ರೋಗವನ್ನು ತಡೆಯುವ ಉದ್ದೇಶದಿಂದ ಇಂತಹವರಿಗೆ ಸೈಕೋಸಿಸ್‌ನ ಔಷಧಗಳನ್ನು ಕೊಡಕೂಡದೆಂದು ಇಂಗ್ಲೆಂಡಿನ ಅಧಿಕೃತ ಮಾರ್ಗಸೂಚಿ 2014ರಲ್ಲಿ ವಿಧಿಸಿತು.

ಹೆಸರಿಡುವುದರಿಂದ ನಷ್ಟವೇನೆಂದು ಕೇಳಬಹುದು. ನಮ್ಮಲ್ಲಿ 'ತಲೆ ಸರಿಯಿಲ್ಲ' ಎಂಬ ಒಂದು ಮಾತು ಹಬ್ಬಿದರೆ ಸಾಕು. ಆ ಹುಡುಗನ ಉದ್ಯೋಗಕ್ಕೆ, ಅವನ ತಂಗಿಯ ವಿವಾಹಕ್ಕೆ ಅಡ್ಡಿಯಾಗುತ್ತದೆ. ನಿಜವಾಗಿ ರೋಗವಿದ್ದವರಿಗೇ ಇದು ಅನ್ಯಾಯ. ರೋಗ ಬಾರದೆಯೇ ಹೋಗಬಹುದಾದವರಿಗಂತೂ ಎರಡು ಪಟ್ಟು ಅನ್ಯಾಯ. ತುಳುನಾಡಿನ ಸಿರಿ ಜಾತ್ರೆಗಳನ್ನು ಇಲ್ಲಿ ನೆನೆಯಬಹುದು. ಮನಸ್ಸಿನ ತೊಳಲಾಟಕ್ಕೆ ಸಿಕ್ಕಿದ ಹೆಂಗಸರು ಅಲ್ಲಿ ಸಿರಿಗಳಾಗಿ ಮಾತನಾಡುವರು, ಕುಮಾರನ ಎದುರಿನಲ್ಲಿ ತಮ್ಮ ದುಃಖವನ್ನು ಹೇಳಿಕೊಳ್ಳುವರು, ಮರುವರ್ಷವೂ ಅದೇ ಕೂಟಕ್ಕೆ ಬರುವರು. ಅವರನ್ನು ಯಾರೂ ಹುಚ್ಚರೆನ್ನುವುದಿಲ್ಲ. ಸಿರಿಯ ಆಚರಣೆ ಚಿಕಿತ್ಸೆಯೆಂದು ನಾವು ಸಾಧಿಸ ಹೊರಟಿಲ್ಲ. ಅವಮಾನವಿಲ್ಲದೆ ಸಂಕಟವನ್ನು ತೋಡಿಕೊಳ್ಳುವ ಒಂದು ಎಡೆಯನ್ನು ಈ ನೆಲ ಕಲ್ಪಿಸಿಕೊಂಡಿದ್ದಿತೆಂಬಷ್ಟೇ ನಮ್ಮ ಅಭಿಪ್ರಾಯ.

ಇದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು. ಹೆಸರಿಡಲು ಅಂಜಿ ಕುಳಿತರೆ ಕಾಯಿಲೆ ಬಲಿಯುತ್ತದೆ. ಮಂತ್ರವಾದಿಯ ಮನೆಯಿಂದ ಪಾತ್ರಿಯ ದರ್ಶನಕ್ಕೆ ಅಲೆಯುವಷ್ಟರಲ್ಲಿ ಅಮೂಲ್ಯವಾದ ವರ್ಷಗಳು ಕಳೆದುಹೋಗುತ್ತವೆ. ಈ ಆಕ್ಷೇಪವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಇಲ್ಲದ ದನಿಗಳನ್ನು ಕೇಳುವವನು, ಪ್ರಾಣ ಕಳೆದುಕೊಳ್ಳುವ ಮಾತನಾಡುವವನು ಒಂದು ದಿನವೂ ಕಾಯಬಾರದು. ಆದರೆ ನೆರವಿಗೆ ರೋಗದ ಹೆಸರೇ ಪ್ರವೇಶಪತ್ರವಾಗಬೇಕೆಂಬ ನಿಯಮವೇನೂ ಇಲ್ಲ. ಕೋಟದ ಸಮೀಕ್ಷೆ ನಮಗೆ ಉಪಯುಕ್ತವಾಗುವುದು ಇಲ್ಲಿಯೇ. ತೊಂದರೆ ಏನು, ಬಾಳು ಎಲ್ಲಿ ಕುಂಟುತ್ತಿದೆ ಎಂದು ಕೇಳುವುದಕ್ಕೆ ನಾಳೆಯ ಭವಿಷ್ಯವನ್ನು ತಿಳಿದಿರಬೇಕಾಗಿಲ್ಲ. ನಿದ್ರೆಯಿಲ್ಲದವನಿಗೆ ನಿದ್ರೆಯೂ ಭೀತನಾದವನಿಗೆ ಧೈರ್ಯವೂ ಇಂದೇ ಬೇಕು. ಮುಂದೆ ಸೈಕೋಸಿಸ್ ಬರಲಿ, ಬಾರದಿರಲಿ, ಈ ನೆರವು ವ್ಯರ್ಥವಾಗದು. ಬಂದರೆ, ಅದನ್ನು ಮೊದಲ ದಿನವೇ ಗುರುತಿಸಬಲ್ಲ ಪರಿಚಿತನೊಬ್ಬನು ಹತ್ತಿರದಲ್ಲಿರುತ್ತಾನೆ.

ಮಂಗಳೂರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 1880ರಲ್ಲಿ ಆರಂಭವಾದ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ, ಸರಕಾರಿ ವೆನ್ಲಾಕ್ ಆಸ್ಪತ್ರೆ, 1955ರ ಕಸ್ತೂರಬಾ ವೈದ್ಯಕೀಯ ಕಾಲೇಜು, ಸಮಾಜಕಾರ್ಯವನ್ನು ಕಲಿಸಲು 1960ರಲ್ಲಿ ತೊಡಗಿದ ರೋಶನಿ ನಿಲಯ ಇವೆಲ್ಲ ಒಂದೇ ನಗರದಲ್ಲಿರುವಾಗ ಇಲ್ಲಿ ತಜ್ಞರ ಅಭಾವವೇ ಮುಖ್ಯ ಕೊರತೆಯೆನ್ನಲಾಗದು. ದೂರದ ಊರುಗಳಿಂದ ಬಂದು ವಿದ್ಯಾರ್ಥಿನಿಲಯಗಳಲ್ಲಿ ವಾಸಿಸುವ ತರುಣ ತರುಣಿಯರ ಬದಲಾವಣೆಯನ್ನು ಮೊದಲು ಕಾಣುವವರು ತಾಯಿತಂದೆಗಳಲ್ಲ. ಅದು ಮೊದಲು ಕಾಣುವುದು ಅಧ್ಯಾಪಕರಿಗೆ, ಕೊಠಡಿಯ ಜೊತೆಗಾರರಿಗೆ. ತರಗತಿಗೆ ತಪ್ಪದೆ ಬರುತ್ತಿದ್ದವನು ಬಾರದಾದರೆ ಹಾಜರಿ ಪಟ್ಟಿಯಲ್ಲಿ ಒಂದು ಗೆರೆ ಬೀಳುತ್ತದೆ. ಅನೇಕ ವೇಳೆ ಅಲ್ಲಿಗೇ ವಿಚಾರ ಮುಗಿಯುತ್ತದೆ. ಮುಗಿಯಬಾರದೆಂಬುದು ನಮ್ಮ ವಿಮರ್ಶೆಯ ಸಾರ. ಏಕಾಂತದಲ್ಲಿ ಕರೆದು ಯೋಗಕ್ಷೇಮವನ್ನು ವಿಚಾರಿಸುವುದು, ಕೇಳಿದುದನ್ನು ಹರಡದಿರುವುದು, ಅವಶ್ಯವಾದಾಗ ವೈದ್ಯರಲ್ಲಿಗೆ ಜೊತೆಯಲ್ಲಿ ಹೋಗುವುದು, 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಯನ್ನು ತಿಳಿಸುವುದು ಇವು ಅಧ್ಯಾಪಕನ ಶಕ್ತಿಗೆ ಮೀರಿದುವಲ್ಲ. ಸರಕಾರದ ವೆಚ್ಚದಲ್ಲಿ ನಡೆಯುವ ಸೇವೆಗಳಿಂದ ಮಾನಸಿಕ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಸಾರಿದೆ. ಆ ಹಕ್ಕಿನ ಬಾಗಿಲವರೆಗೆ ಕೈಹಿಡಿದು ನಡೆಸುವವರು ಬೇಕು.

ಯಾರಿಗೆ ಯಾವ ರೋಗ ಬರುವುದೆಂದು ಮುಂಗಾಣುವುದು ಶಾಸ್ತ್ರಕ್ಕೇ ಇನ್ನೂ ಕಷ್ಟಸಾಧ್ಯವಾಗಿರುವಾಗ ಅದನ್ನು ಅಧ್ಯಾಪಕರಿಂದ ನಿರೀಕ್ಷಿಸಲಾಗದು. ಎದುರಿಗೆ ಕುಳಿತವನ ಸಂಕಟವನ್ನು ಕಾಣುವುದನ್ನಾದರೋ ನಿರೀಕ್ಷಿಸಬಹುದು.