ಊರಿನ ಅತಿಥಿ: ವಾಲ್ಕಟ್ಟರ ಒಂದು ಕವಿತೆ

ವರ್ಷದ ಒಂದು ಭಾಗವನ್ನು ಮಾತ್ರ ತಾಯ್ನೆಲದಲ್ಲಿ ಕಳೆಯುವವನು ಅಲ್ಲಿ ಮನೆಯವನೋ, ಅತಿಥಿಯೋ? ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪದಲ್ಲಿ 1930ರಲ್ಲಿ ಜನಿಸಿ, 1992ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಡೆರೆಕ್ ವಾಲ್ಕಟ್ಟರ ಕಾವ್ಯದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. 1981ರಿಂದ ಅವರು ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, ವರ್ಷದ ಉಳಿದ ಕಾಲವನ್ನು ಕೆರಿಬಿಯನ್ ದ್ವೀಪಗಳಲ್ಲಿ ಕಳೆಯುತ್ತಿದ್ದರು. 1987ರ 'ದಿ ಆರ್ಕನ್ಸಾ ಟೆಸ್ಟಮೆಂಟ್' ಸಂಕಲನವನ್ನು ಅವರು 'ಇಲ್ಲಿ', 'ಬೇರೆಡೆ' ಎಂದು ಎರಡಾಗಿ ವಿಭಾಗಿಸಿದುದು ಈ ಇಬ್ಬಗೆಯ ಬಾಳಿನ ಸಹಜ ಫಲವೆನ್ನಬಹುದು.

'ಇಲ್ಲಿ' ಭಾಗದ 'ದಿ ಲೈಟ್ ಆಫ್ ದಿ ವರ್ಲ್ಡ್' ಕವಿತೆಯಲ್ಲಿ ಕವಿ ಊರವರೊಡನೆ ವ್ಯಾನಿನಲ್ಲಿ ಪಯಣಿಸುತ್ತಾನೆ. ಸಹಪಯಣಿಗಳೊಬ್ಬಳ ಚೆಲುವು ಅವನನ್ನು ಆನಂದಗೊಳಿಸುತ್ತದೆ. ತನ್ನನ್ನು ಬಿಟ್ಟುಹೋಗಬೇಡಿರೆಂದು ಮುದುಕಿಯೊಬ್ಬಳು ಕೂಗಿದ ಕೂಗು ಎದೆಯನ್ನು ಇರಿಯುತ್ತದೆ. ಏಕೆಂದರೆ ಅವರನ್ನು ಬಿಟ್ಟು ಹೋದವನು ಅವನೇ. ಅವರು ಮನೆಗೆ ಹೋಗುತ್ತಿದ್ದಾರೆ, ಅವನು ಹೋಟೆಲಿಗೆ.

ದೂರದಿಂದ ಬಂದ ಕಣ್ಣು ಬಡತನವನ್ನು ಸುಂದರಗೊಳಿಸುತ್ತದೆಂಬ ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಅದು ಪೂರ್ಣವಾಗಿ ನಿರಾಧಾರವಲ್ಲ. ಪಶ್ಚಾತ್ತಾಪವೂ ಒಂದು ಸುಖವಾಗಬಲ್ಲುದು. ಆದರೆ ಕೊನೆಯ ಘಟನೆ ಕವಿತೆಯನ್ನು ಕಾಪಾಡಿದೆ. ಕವಿ ಇಳಿದ ಮೇಲೆ ವ್ಯಾನು ಮುಂದೆ ಸಾಗಿ ನಿಲ್ಲುತ್ತದೆ. ಒಬ್ಬಾತ ಹೆಸರು ಹಿಡಿದು ಕರೆದು, ಅವನ ಜೇಬಿನಿಂದ ಬಿದ್ದಿದ್ದ ಸಿಗರೇಟು ಪೊಟ್ಟಣವನ್ನು ಹಿಂದಿರುಗಿಸುತ್ತಾನೆ. ಕೊಡಲು ತನ್ನಲ್ಲಿ ಏನಿದೆಯೆಂದು ಕೊರಗುತ್ತಿದ್ದವನು ಪಡೆಯುವವನಾಗುತ್ತಾನೆ.

ರಜೆಯಲ್ಲಿ ಊರಿಗೆ ಹೋಗಿಬರುವ ನಾವು ಏನನ್ನು ಕೊಂಡೊಯ್ಯಬೇಕೆಂದು ಯೋಚಿಸುತ್ತೇವೆ. ಅಲ್ಲಿ ನಮ್ಮ ಹೆಸರು ಹಿಡಿದು ಕರೆಯುವವರು ಇನ್ನೂ ಇದ್ದಾರೆಯೇ ಎಂಬುದು ಈ ಕವಿತೆ ನಮ್ಮನ್ನು ಕೇಳುವ ಪ್ರಶ್ನೆ.